ಚೊಗರಿನ ಸೀರೆ

“ಬೆಂಕಿಗೆ ಹಾಕೋ ಮುಂಚೆ ಸೀರೆ ಮಡಿಕೆ ಬಿಚ್ಚಾದ್ರೂ ನೋಡಬಾರದಿತ್ತೇನು ನಿನ್ನ ಗಂಡ? ಪರದೇಶದ್ದು ಯಾವುದು, ನಮ್ಮ ಮೊಳಕಾಲ್ಮೂರಿಂದು ಯಾವುದು, ಅಷ್ಟೂ ಗೊತ್ತಾಗಲಿಲ್ವಾ?”

ಪಕ್ಕದ ಮನೆಯ ಶಂಕರಮ್ಮ ಈ ಪ್ರಶ್ನೆಯನ್ನು ಬೆಳಗಿನಿಂದ ಕೇಳುತ್ತಲೇ ಇದ್ದಳು. ಒಮ್ಮೆ ಹೆಪ್ಪಿಗೆ ಮಜ್ಜಿಗೆ ಬೇಕೆಂದು ಬಂದು ಕೇಳಿದಳು, ಇನ್ನೊಮ್ಮೆ ಮಜ್ಜಿಗೆಯ ಬಟ್ಟಲು ತಿರುಗಿ ಕೊಡಲು ಬಂದು ಕೇಳಿದಳು, ಈಗ ನೆವವೇ ಇಲ್ಲದೆ ಬಂದು ಕಟ್ಟೆಯ ಮೇಲೆ ಕೂತು ಕೇಳುತ್ತಿದ್ದಳು. ಬಂಗಾರಮ್ಮ ಅಂಗಳ ಗುಡಿಸುತ್ತಲೇ ಇದ್ದಳು. ಒಳಗೆ ಟ್ರಂಕು ಬಾಯಿ ತೆರೆದುಕೊಂಡು ಬಿದ್ದಿತ್ತು. ಅದರ ತಳದಲ್ಲಿ ನುಸಿಗುಳಿಗೆ ಮಾತ್ರ ಉಳಿದಿತ್ತು.

ಹಿಂದಿನ ಸಂಜೆ ಚನ್ನಗಿರಿಯ ಸಂತೆ ಮೈದಾನದಲ್ಲಿ ಸಭೆ ನಡೆದಿತ್ತು. ಹೊರಗಿನಿಂದ ಬಂದ ಒಬ್ಬರು ಸ್ವದೇಶಿಯ ಬಗ್ಗೆ ಮಾತಾಡಿ, ಪರದೇಶದ ಬಟ್ಟೆ ಸುಡಲು ಬೆಂಕಿ ಹಾಕಿಸಿದ್ದರು. ಬಂಗಾರಮ್ಮನ ಗಂಡ ಹಾಲೇಶಪ್ಪ ಅಡಿಕೆ ಮಂಡಿಯಲ್ಲಿ ಗುಮಾಸ್ತ. ಸ್ವಭಾವದಲ್ಲಿ ಗಾಡಿ ಹೊಡೆಯುವವನಿಗೂ ಎದುರಾಡದ ಮನುಷ್ಯ. ಆ ಹೊತ್ತು ಅವನಿಗೆ ಏನಾಯಿತೋ, ಎಲ್ಲರಿಗಿಂತ ಮೊದಲು ಎದ್ದು ತನ್ನ ಕೋಟನ್ನು ಬಿಚ್ಚಿ ಬೆಂಕಿಗೆ ಎಸೆದ. ಜನ ಚಪ್ಪಾಳೆ ತಟ್ಟಿದರು. ಅನಾಹುತ ಮಾಡಿದ್ದೇ ಆ ಚಪ್ಪಾಳೆ. ಹಾಲೇಶಪ್ಪನಿಗೆ ಹುಟ್ಟಿದಂದಿನಿಂದ ಯಾರೂ ಚಪ್ಪಾಳೆ ತಟ್ಟಿರಲಿಲ್ಲ. ಅಂಗಿಯನ್ನೂ ಬಿಚ್ಚಿ ಎಸೆದ, ಇನ್ನೂ ಜೋರಾಗಿ ತಟ್ಟಿದರು. ಮೈಮೇಲೆ ಎಸೆಯುವಂಥದ್ದೇನೂ ಉಳಿಯದಿದ್ದಾಗ ಮನೆಗೆ ಓಡಿ ಬಂದು, ಟ್ರಂಕಿನಲ್ಲಿದ್ದುದನ್ನೆಲ್ಲ ಜಮಖಾನದಲ್ಲಿ ಗಂಟು ಕಟ್ಟಿ ಹೊತ್ತುಕೊಂಡು ಹೋಗಿ ಸುರಿದುಬಿಟ್ಟ. ಬಂಗಾರಮ್ಮ ಆಗ ಕೆರೆಯಲ್ಲಿ ಬಟ್ಟೆ ಒಗೆಯುತ್ತಿದ್ದಳು.

ರೇಷ್ಮೆ ಸುಟ್ಟ ವಾಸನೆಗೆ ಭಾಷಣ ಮಾಡುತ್ತಿದ್ದವರೇ ಮೂಗು ಮುಚ್ಚಿಕೊಂಡು ಇಳಿದು ಬಂದು, ಇದು ನಮ್ಮ ಮಗ್ಗದ ಸೀರೆಯಲ್ಲವೇನಪ್ಪ, ಇದನ್ನೇಕೆ ಹಾಕಿದೆ ಎಂದು ಕೇಳಿದರಂತೆ. ಅಷ್ಟರಲ್ಲಿ ಮದುವೆಯ ಸೀರೆಯಲ್ಲಿ ಒಂದು ಗೇಣು ಸೆರಗು ಉಳಿದಿತ್ತು. ಅವರು ಕೋಲಿನಿಂದ ಎಳೆಯುವ ಹೊತ್ತಿಗೆ ಅದೂ ಇರಲಿಲ್ಲ.

ಹೀಗಾಗಿ ಆ ಮನೆಯಲ್ಲಿ ಉಳಿದದ್ದು ಬಂಗಾರಮ್ಮ ಉಟ್ಟಿದ್ದ ಸೀರೆ, ಅವಳು ಕೆರೆಯಿಂದ ಹಿಂಡಿ ತಂದ ಇನ್ನೊಂದು ಹಳೆಯದು, ಹಾಲೇಶಪ್ಪನ ಸೊಂಟದ ಪಂಚೆ ಮತ್ತು ಹೆಗಲ ಮೇಲಿನ ಟವೆಲು. ಅವನು ರಾತ್ರಿಯೆಲ್ಲ ತಪ್ಪಾಯಿತು ತಪ್ಪಾಯಿತು ಎಂದು ಬೇಡಿಕೊಂಡಿದ್ದ. ಅವಳು ಬೈದಿದ್ದರೆ ಅವನಿಗೆ ನಿದ್ದೆಯಾದರೂ ಬರುತ್ತಿತ್ತು. ಅವಳು ಬೈಯಲಿಲ್ಲ.

ಅವಳ ಸಂಕಟ ಬೇರೆಯೇ ಇತ್ತು. ಕಾರ್ತಿಕ ಕಳೆದ ಮೇಲೆ ಜಗಳೂರಿನಲ್ಲಿ ಅವಳ ತಮ್ಮ ಮಲ್ಲೇಶಿಯ ಮದುವೆ. ತಾಯಿ ಸತ್ತಾಗ ಮಲ್ಲೇಶಿಗೆ ಹಲ್ಲು ಸಹ ಬಂದಿರಲಿಲ್ಲ. ಅವನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು ಬಂಗಾರಮ್ಮ. ಅವನ ಮದುವೆಯಲ್ಲಿ ಕಳಸಗಿತ್ತಿಯಾಗಿ, ಕಳಸ ಹಿಡಿದು ಅವನ ಪಕ್ಕದಲ್ಲಿ ನಿಲ್ಲುವುದು ತಾನು ಎಂದು ಅವಳು ಅಂದಿನಿಂದಲೂ ತಿಳಿದುಕೊಂಡಿದ್ದಳು. ಆದರೆ ಅವರ ಮನೆತನದಲ್ಲಿ ಒಂದು ಕಟ್ಟಳೆ ಇತ್ತು. ಕಳಸಗಿತ್ತಿ ಗಂಡನ ಮನೆಯ ಸೀರೆಯುಟ್ಟೇ ಬರಬೇಕು. ತವರಿನವರು ಸೀರೆ ಕೊಡುವುದು ಮದುವೆ ಮುಗಿದ ಮೇಲೆ, ಉಡುಗೊರೆಯಾಗಿ. ಎರವಲು ಸೀರೆ ಉಟ್ಟರೆ ಕಳಸದ ಮೇಲಿನ ಕಾಯಿ ಜಾರುತ್ತದೆ ಎಂದು ಅಜ್ಜಿಯರು ಹೆದರಿಸುತ್ತಿದ್ದರು. ಕಾಯಿ ಜಾರುವುದಿರಲಿ, ಸೀರೆ ಯಾರದ್ದೆಂದು ನೆರೆದ ಹೆಂಗಸರಿಗೆಲ್ಲ ಗೊತ್ತಾಗುತ್ತಿತ್ತು.

ಸುದ್ದಿ ಬಸ್ಸಿನವರ ಬಾಯಿಂದ ದಾವಣಗೆರೆ ದಾಟಿ ಜಗಳೂರು ಮುಟ್ಟಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಅದೇ ದಾರಿಯಲ್ಲಿ ಅತ್ತಿಗೆ ಸಾವಂತ್ರಮ್ಮನ ಮಾತೂ ತಿರುಗಿ ಬಂತು. ಸಾವಂತ್ರಮ್ಮ ಬಂಗಾರಮ್ಮನ ಅಣ್ಣನ ಹೆಂಡತಿ, ತವರುಮನೆಯ ಯಜಮಾನಿ. ಯಾರು ಯಾವ ಮದುವೆಯಲ್ಲಿ ಏನು ಉಟ್ಟಿದ್ದರು ಎಂದು ಇಪ್ಪತ್ತು ವರ್ಷದ್ದನ್ನು ಒಂದೇ ಉಸಿರಿನಲ್ಲಿ ಹೇಳಬಲ್ಲವಳು. ಬಂಗಾರಿಗೆ ತೊಂದರೆ ಕೊಡುವುದು ಬೇಡ, ಉಡಲು ಇಲ್ಲದವಳು ಆರಾಮಾಗಿ ಬಂದು ಊಟ ಮಾಡಿಕೊಂಡು ಹೋಗಲಿ, ಕಳಸವನ್ನು ಚಿಕ್ಕಪ್ಪನ ಮಗಳು ಹೊನ್ನೂರಮ್ಮ ಹಿಡಿಯುತ್ತಾಳೆ, ಎಂದು ಹೇಳಿ ಕಳಿಸಿದ್ದಳು.

ಆ ಮಾತು ಕೇಳಿದ ಮೇಲೆ ಬಂಗಾರಮ್ಮ ಗಂಡನ ಮುಂದೆ ಬಾಯಿ ತೆರೆದಳು.

“ನೋಡ್ರಿ, ನೀವು ಸುಟ್ಟಿದ್ದಕ್ಕೆ ನಾನು ಅಳಲಿಲ್ಲ. ಹೊನ್ನೂರಿ ಕಳಸ ಹಿಡಿದಳೋ, ಆಗ ಅಳ್ತೀನಿ. ನಾನು ಅಳಾಕೆ ಕುಂತ್ರೆ ಬೇಗ ಮುಗಿಯಂಗಿಲ್ಲ.”

ಹಾಲೇಶಪ್ಪ ಮರುದಿನವೇ ಹೊನ್ನಾಳಿಗೆ ಹೋದ. ಮಂಡಿಯಲ್ಲಿ ಸಂಬಳ ಕೈಸೇರುವುದು ಸುಗ್ಗಿ ಮುಗಿದ ಮೇಲೆ. ಕೈಯಲ್ಲಿದ್ದುದರಲ್ಲಿ ರೇಷ್ಮೆಯ ಮಾತಂತೂ ಇರಲಿಲ್ಲ. ಬೆಂಕಿಯ ಮುಂದೆ ಅಂಗಿ ಬಿಚ್ಚಿದವನು ಮತ್ತೆ ಮಿಲ್ಲಿನ ಬಟ್ಟೆ ತಂದರೆ ಊರು ನಗುತ್ತದೆ. ಆದ್ದರಿಂದ ಖಾದಿಯ ಒಂದು ಇಡೀ ತಾನನ್ನೇ, ಕತ್ತರಿಸದ ಬಟ್ಟೆಯ ಸುರುಳಿಯನ್ನೇ, ಹೆಗಲ ಮೇಲೆ ಹೊತ್ತು ತಂದ. ಒಂದೇ ತಾನಿನಲ್ಲಿ ನಿನ್ನ ಸೀರೆ, ಕುಬಸ, ನನ್ನ ಅಂಗಿ, ಎಲ್ಲವೂ ಆಗುತ್ತವೆ, ಅಂಗಡಿಯವನೂ ಹಾಗೇ ಹೇಳಿದ ಎಂದು ಬಹಳ ಉತ್ಸಾಹದಿಂದ ಬಿಚ್ಚಿ ತೋರಿಸಿದ.

ಬಟ್ಟೆ ಬೆಳ್ಳಗಿತ್ತು. ಸುಣ್ಣ ಬಳಿದ ಗೋಡೆಯ ಹಾಗೆ ಬೆಳ್ಳಗಿತ್ತು.

ಶಂಕರಮ್ಮ ಬಾಗಿಲಲ್ಲೇ ನಿಂತಳು. ಅವಳು ನ್ಯಾಮತಿಯವಳು, ನ್ಯಾಮತಿಯಲ್ಲಿ ನಡೆಯದ್ದು ಲೋಕದಲ್ಲಿ ನಡೆಯಬಾರದೆಂದು ತಿಳಿದವಳು. “ಹಾಲೇಶಪ್ಪ, ನೀನು ಇನ್ನೂ ಬದುಕಿದೀಯಲ್ಲಪ್ಪ,” ಎಂದಳು. “ನಿನ್ನ ಹೆಂಡ್ತಿಗೆ ಬಿಳೀ ಸೀರೆ ಉಡಿಸಾಕೆ ಇಷ್ಟು ಅವಸರ ಯಾಕೆ?”

ಹಾಲೇಶಪ್ಪ ತಾನಿನ ಮೇಲೆ ಕೂತುಬಿಟ್ಟ.

ಬಿಳುಪು ಒಂದೇ ತೊಂದರೆಯಾಗಿರಲಿಲ್ಲ. ಪನ್ನ, ಅಂದರೆ ಬಟ್ಟೆಯ ಅಗಲ, ಕಡಿಮೆ; ಸೊಂಟಕ್ಕೆ ಸಿಕ್ಕಿಸಿದರೆ ಅಂಚು ಪಾದದಿಂದ ಒಂದು ಗೇಣು ಮೇಲೆ ನಿಲ್ಲುತ್ತಿತ್ತು. ದಪ್ಪ ಬೇರೆ. ಬಂಗಾರಮ್ಮ ಗಿಡ್ಡ, ಮೈ ತುಂಬಿದವಳು, ಎಣ್ಣೆಗಪ್ಪು ಬಣ್ಣ. ಯಾವಾಗಲೂ ಉಡುವ ಹಾಗೆ ನಿರಿಗೆಯೆಲ್ಲ ಹಿಡಿದು ಸಿಕ್ಕಿಸಿಕೊಂಡು ನಿಂತಾಗ ಶಂಕರಮ್ಮ ಅವಳ ಸುತ್ತ ಒಂದು ಸುತ್ತು ಬಂದು, ಹತ್ತಿ ತುಂಬಿದ ಅಂಡಿಗೆ ಚೀಲಕ್ಕೆ ಕುಂಕುಮ ಇಟ್ಟ ಹಾಗಿದೆ ಎಂದು ತೀರ್ಪು ಕೊಟ್ಟಳು. ಬಂಗಾರಮ್ಮನಿಗೇ ನಗು ಬಂತು. ಮನೆ ಸುಟ್ಟಷ್ಟು ದುಃಖವಿದ್ದರೂ ಆ ನಗು ಬಂದದ್ದು ಒಳ್ಳೆಯದಾಯಿತು. ನಕ್ಕ ಮೇಲೆ ಅವಳಿಗೆ ಕಣ್ಣು ಕಾಣತೊಡಗಿತು.

ಅದು ಅಡಿಕೆ ಬೇಯಿಸುವ ಕಾಲ. ಮಂಡಿಯ ಸಾಹುಕಾರರ ಕಣದಲ್ಲಿ ದೊಡ್ಡ ತಾಮ್ರದ ಹಂಡೆಗಳು ಕುದಿಯುತ್ತಿದ್ದವು. ಸುಲಿದ ಅಡಿಕೆ ಬೆಂದು ಬೆಂದು ಉಳಿಯುವ ಕೆಂಗಂದು ರಸಕ್ಕೆ ಚೊಗರು ಎನ್ನುತ್ತಾರೆ. ಮುಂದಿನ ಅಡಿಕೆಗೆ ಬಣ್ಣ ಕಟ್ಟಲು ಅದನ್ನೇ ಮತ್ತೆ ಹಾಕುತ್ತಾರೆ. ಚೊಗರು ತಾಗಿದ ಬಟ್ಟೆ ಮುಗಿಯಿತು, ಏನು ತಿಕ್ಕಿದರೂ ಹೋಗುವುದಿಲ್ಲ. ಕಣದಲ್ಲಿ ಕೆಲಸ ಮಾಡುವ ಹೆಂಗಸರನ್ನು ಸೀರೆಯ ಕಲೆಯಿಂದಲೇ ಗುರುತು ಹಿಡಿಯಬಹುದಾಗಿತ್ತು. ಬಂಗಾರಮ್ಮ ಗಂಡನಿಗೆ ಬುತ್ತಿ ಕೊಡಲು ಅಲ್ಲಿಗೆ ಹೋದಾಗ ಖಾದಿಯ ಒಂದು ತುಂಡನ್ನು ತಲೆಗೆ ಹೊದ್ದಿದ್ದಳು. ಹಂಡೆಯಿಂದ ಜಾಲರಿ ಎತ್ತಿದ ಕಲ್ಲೇಶಪ್ಪ ಅದನ್ನು ಒದರಿದ್ದೇ ತಡ, ಹನಿಗಳು ಹಾರಿ ಬಿಳಿಯ ಬಟ್ಟೆಯ ಮೇಲೆ ಬಿದ್ದವು.

ಕಲ್ಲೇಶಪ್ಪ ಹಂಡೆ ನೋಡಿಕೊಳ್ಳುವ ಮುದುಕ. ಬೇಯಿಸಿದ ಅಡಿಕೆಗಿಂತ ಅಗಿದ ಅಡಿಕೆಯೇ ಹೆಚ್ಚೆಂದು ಸಾಹುಕಾರರು ಅವನನ್ನು ಹಾಸ್ಯ ಮಾಡುತ್ತಿದ್ದರು. ತಪ್ಪಾಯಿತು ತಾಯಿ ಎಂದು ಅವನು ಕೈಮುಗಿದಾಗ ಬಂಗಾರಮ್ಮ ಅವನ ಕೈಯನ್ನಾಗಲಿ ಕಲೆಯನ್ನಾಗಲಿ ನೋಡುತ್ತಿರಲಿಲ್ಲ, ಅವನ ಬಾಯಿಯನ್ನೇ ದಿಟ್ಟಿಸುತ್ತಿದ್ದಳು. ಚೊಗರು ಕಂದು, ಸರಿ. ಇವನ ಬಾಯಿ ಕೆಂಪು. ಅದೇ ಅಡಿಕೆ. ನಡುವೆ ಸೇರಿದ್ದು ಸುಣ್ಣ.

“ಕಲ್ಲೇಶಪ್ಪಾರೆ, ಒಂದೆರಡು ಕೊಡ ಚೊಗರು ಕೊಡ್ತೀರಾ?” ಎಂದು ಕೇಳಿದಳು.

ಅವನು ಯಾತಕ್ಕೆ ಎಂದು ಕೇಳಿ, ಉತ್ತರ ಕೇಳಿದ ಮೇಲೆ ಬಹಳ ಹೊತ್ತು ಅಗಿದ. ಕಡೆಗೆ, ಸಾಹುಕಾರರನ್ನು ತಾನು ಒಪ್ಪಿಸುವುದಾಗಿಯೂ, ಆದರೆ ಅದೇ ನೀರಿನಲ್ಲಿ ತನ್ನ ರುಮಾಲನ್ನೂ ಅದ್ದಿಕೊಡಬೇಕೆಂದೂ ಹೇಳಿದ. ರುಮಾಲಿನ ಮೇಲೆ ಎಷ್ಟೋ ವರ್ಷದ ಕಲೆಗಳಿದ್ದವು. ಪೂರ್ತಿ ಅದೇ ಬಣ್ಣವಾದರೆ ಕಲೆ ಎಲ್ಲಿ ಕಾಣುತ್ತದೆ?

ಮುಂದಿನ ವಾರ ಬಂಗಾರಮ್ಮನ ಹಿತ್ತಿಲು ನೋಡಬೇಕಿತ್ತು. ಶಂಕರಮ್ಮ ನ್ಯಾಮತಿಯಲ್ಲಿ ಹೀಗೆ ಯಾರೂ ಮಾಡುವುದಿಲ್ಲ ಎನ್ನುತ್ತಲೇ ಸೆರಗು ಸಿಕ್ಕಿಸಿ ಬಂದು ಒಲೆ ಊದಿದಳು. ಒಂದು ಸೀರೆಗೂ ಒಂದು ಕುಬಸಕ್ಕೂ ಆಗುವಷ್ಟು ಕತ್ತರಿಸಿದ ಖಾದಿಯನ್ನು ತಾಮ್ರದ ಹಂಡೆಯಲ್ಲಿ ಚೊಗರಿಗೆ ಅದ್ದಿ, ಒಣಗಿಸಿ, ಸುಣ್ಣದ ತಿಳಿನೀರಿಗೆ ಅದ್ದಿ, ಮತ್ತೆ ಒಣಗಿಸಿದರು. ಒಣಗುತ್ತ ಒಣಗುತ್ತ ಬಟ್ಟೆ ಹೊಸ ಹೆಂಚಿನ ಬಣ್ಣಕ್ಕೆ ತಿರುಗಿ, ಇನ್ನೊಮ್ಮೆ ಅದ್ದಿದಾಗ ಅದಕ್ಕಿಂತ ಗಾಢವಾಯಿತು. ಹಂಡೆಯಲ್ಲಿ ಜಾಗ ಸಾಲದೆ ಉಳಿದ ತುಂಡುಗಳನ್ನು ಬಂಗಾರಮ್ಮ ಅಡಿಗೆಮನೆಯ ಕಬ್ಬಿಣದ ಬಾಂಡ್ಲಿಯಲ್ಲಿ ನೆನೆಹಾಕಿದಳು. ಬೆಳಿಗ್ಗೆ ತೆಗೆದರೆ ಅವು ಮಸಿಯ ಬಣ್ಣ, ಚೊಗರು ಕಬ್ಬಿಣಕ್ಕೆ ತಾಗಿ ಕಪ್ಪಾಗಿತ್ತು.

ಅವಳು ಬಾಂಡ್ಲಿಯ ಪಕ್ಕದಲ್ಲೇ ಕುಕ್ಕರಿಸಿದಳು. ಅರ್ಧ ತಾನು ಹಾಳಾಯಿತೆಂದು ಲೆಕ್ಕ ಹಾಕುತ್ತ, ಮಸಿಯ ತುಂಡನ್ನು ಕೆಂಪು ಸೀರೆಯ ಪಕ್ಕಕ್ಕೇ ಒಣಹಾಕಿದಳು, ಬೇರೆ ಹಗ್ಗ ಇರಲಿಲ್ಲ ಅಷ್ಟೇ. ಎರಡೂ ಪಕ್ಕಪಕ್ಕ ಜೋತುಬಿದ್ದಾಗ ಶಂಕರಮ್ಮ ಊದುಗೊಳವೆ ಕೆಳಗಿಟ್ಟು ಹತ್ತಿರ ಬಂದಳು. ಪನ್ನಕ್ಕೆ ಒಂದು ಗೇಣು ಕಡಿಮೆ ಬಿದ್ದಿತ್ತಲ್ಲ, ಅದಕ್ಕೆ ಅಂಚು ಅಲ್ಲೇ ಸಿದ್ಧವಾಗಿತ್ತು.

ಹೊಲಿಗೆ ಇಬ್ಬರದೂ. ಮೊದಲು ಕೆಳಗೆ ಇಡೀ ಗೇಣು ಮಸಿಯಂಚು ಹಚ್ಚಿದರು. ಬಂಗಾರಮ್ಮ ಉಟ್ಟು ನಿಂತರೆ ಯಾರೋ ಅವಳನ್ನು ಮೊಣಕಾಲಿನವರೆಗೆ ಹೂತಂತೆ ಕಂಡಿತು. ಬಿಚ್ಚಿದರು. ಮೇಲೆ ಸೊಂಟದ ಒಳಗೆ ಅಡಗುವ ಕಡೆ ಅಗಲದ ಪಟ್ಟಿ ಜೋಡಿಸಿ, ಕೆಳಗೆ ಬೆರಳಗಲದ ಅಂಚು ಮಾತ್ರ ಬಿಟ್ಟರು. ನಿರಿಗೆಯನ್ನು ಅರ್ಧಕ್ಕರ್ಧ ಕಡಿಮೆ ಮಾಡಿ, ಉಳಿದ ಉದ್ದವನ್ನು ಸೆರಗಿಗೆ ಬಿಟ್ಟರೆ ದಪ್ಪ ಬಟ್ಟೆ ಹೊಟ್ಟೆಯ ಮೇಲೆ ಕೂರದೆ ನೇರ ಇಳಿಯಿತು. ಉಳಿದ ಮಸಿಯ ಬಟ್ಟೆಯಲ್ಲಿ ದಿನಬಳಕೆಗೆ ಒಂದು ಸೀರೆ, ಎರಡು ಕುಬಸ. ಕೆಂಪಿನದೊಂದು ಕುಬಸ. ಕೆಂಪು ಸೀರೆಗೆ ಮಸಿಯ ಕುಬಸ, ಮಸಿಯ ಸೀರೆಗೆ ಕೆಂಪು ಕುಬಸ, ಯಾವುದನ್ನು ಯಾವುದಕ್ಕೆ ತೊಟ್ಟರೂ ಒಪ್ಪುತ್ತಿತ್ತು. ಮೊದಲಿನ ಟ್ರಂಕು ತುಂಬಿದ್ದಾಗಲೂ ಅವಳಿಗೆ ಹೀಗೆ ಒಂದಕ್ಕೊಂದು ಹೊಂದುವ ಬಟ್ಟೆ ಇರಲಿಲ್ಲ. ಒಂದು ಸೀರೆಗೆ ಕುಬಸ ಹರಿದಿದ್ದರೆ, ಇನ್ನೊಂದು ಕುಬಸಕ್ಕೆ ಸೀರೆ ಹರಿದಿರುತ್ತಿತ್ತು.

ಹಾಲೇಶಪ್ಪ ತನ್ನ ಅಂಗಿಯನ್ನು ತಾನೇ ಅದ್ದುತ್ತೇನೆಂದು ಹಟ ಹಿಡಿದ. ಮಡಿಕೆ ಬಿಚ್ಚದೆ ಅದ್ದಿದ. ಅದು ಬೆನ್ನ ಮೇಲೆ ಕೆಂಪು, ಎದೆಯ ಮೇಲೆ ಬಿಳುಪು, ಒಂದು ತೋಳು ಮಾತ್ರ ಹೊಗೆಯ ಬಣ್ಣವಾಗಿ ಹೊರಬಂತು.

“ಮಡಿಕೆ ಬಿಚ್ಚೋ ಅಭ್ಯಾಸ ನಿಮ್ಮ ವಂಶದಾಗೆ ಇಲ್ಲವೇನ್ರೀ?” ಎಂದಳು ಬಂಗಾರಮ್ಮ. ಬೆಂಕಿಯ ದಿನದಿಂದ ಅವಳು ಗಂಡನನ್ನು ಚುಡಾಯಿಸಿದ್ದು ಅದೇ ಮೊದಲು. ಹಾಲೇಶಪ್ಪ ಆ ಅಂಗಿಯನ್ನೇ ತೊಟ್ಟು ಮಂಡಿಗೆ ಹೋದ, ಎದೆಯುಬ್ಬಿಸಿಕೊಂಡು.

ಮದುವೆಯ ಹಿಂದಿನ ದಿನ ಬಂಗಾರಮ್ಮ ಜಗಳೂರಿನಲ್ಲಿ ಬಸ್ಸಿಳಿದು ತವರಿಗೆ ಬಂದಾಗ ಸಾವಂತ್ರಮ್ಮ ಚಪ್ಪರದ ಕೆಳಗೇ ನಿಂತಿದ್ದಳು. ಕ್ಷೇಮಸಮಾಚಾರ ಬಾಯಿ ಕೇಳುತ್ತಿದ್ದರೆ ಅವಳ ಬೆರಳುಗಳು ಆಗಲೇ ಬಂಗಾರಮ್ಮನ ಸೆರಗನ್ನು ತಿಕ್ಕಿ ನೋಡುತ್ತಿದ್ದವು. ಮೊಳಕಾಲ್ಮೂರಿನದಲ್ಲ, ಇಳಕಲ್ಲಿನದಲ್ಲ, ಅಂಗಡಿಯದೂ ಅಲ್ಲ. ಅವಳ ಲೆಕ್ಕದಲ್ಲಿ ಇಲ್ಲದ ಸೀರೆ ಅದು, ಅದನ್ನೇ ಅವಳಿಂದ ಸಹಿಸಲಾಗಲಿಲ್ಲ. ಬೆರಳನ್ನು ಮೂಗಿಗೆ ಹಿಡಿದಳು.

“ಅಡಿಕೆ ವಾಸನೆ ಐತಲ್ಲೇ ಬಂಗಾರಿ.”

ಬಂಗಾರಮ್ಮ ಮುಚ್ಚಿಡಲಿಲ್ಲ. ಚೊಗರು, ಸುಣ್ಣ, ಬಾಂಡ್ಲಿ ಎಲ್ಲವನ್ನೂ ಹೇಳಿದಳು. ಕೇಳಿದ ಹೆಂಗಸರಲ್ಲಿ ಕೆಲವರು ನಕ್ಕರು, ಕೆಲವರು ಹತ್ತಿರ ಬಂದು ನೋಡಿದರು. ಬಣ್ಣ ಅವಳ ಮೈಬಣ್ಣಕ್ಕೆ ಹೊಂದಿದ್ದನ್ನು, ಅವಳು ಮೊದಲಿಗಿಂತ ಎತ್ತರ ಕಾಣುತ್ತಿದ್ದುದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಆದರೆ ಮುದುಕಿಯೊಬ್ಬಳು, ಮದುವೆಯಾದ ಮೇಲೆ ಬೆಳೆಯುವವರೂ ಇರುತ್ತಾರೇನೇ ಎಂದು ಕೇಳಿದಳು.

ಹೊನ್ನೂರಮ್ಮ ಗಿಳಿಹಸಿರಿನ ಹೊಸ ಸೀರೆಯಲ್ಲಿ ಬಂದಿದ್ದಳು. ಕಳಸ ಆಗಲೇ ತನ್ನ ಕೈಯಲ್ಲಿರುವ ಹಾಗೆ ನಡೆಯುತ್ತಿದ್ದಳು. ಅಡಿಕೆ ನೀರಿನ ಬಣ್ಣ ಎಷ್ಟು ಹೊತ್ತು ನಿಲ್ಲುತ್ತದೆ, ಸುರಗಿಯ ನೀರು ಬಿದ್ದರೆ ಮದುಮಗನ ಬಿಳಿಪಂಚೆಯೆಲ್ಲ ಕೆಂಪಾಗಿ ಅಪಶಕುನವಾಗುತ್ತದೆ ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. ಮಾತು ಸುಳ್ಳಾಗಿರಲಿಲ್ಲ. ನಾಲ್ಕು ಮೂಲೆಗೆ ತಂಬಿಗೆ ಇಟ್ಟು ನೂಲು ಸುತ್ತಿ, ನಡುವೆ ಮದುಮಗನನ್ನೂ ಅಂಟಿಕೊಂಡಂತೆ ಕಳಸಗಿತ್ತಿಯನ್ನೂ ಕೂರಿಸಿ ಕೊಡಗಟ್ಟಲೆ ನೀರೆರೆಯುವುದು ಸುರಗಿ.

ಎಲ್ಲರೂ ಸಾವಂತ್ರಮ್ಮನ ಕಡೆ ನೋಡಿದರು. ಅವಳು ಆ ಸೆರಗನ್ನು ಇನ್ನೊಮ್ಮೆ ತಿಕ್ಕಿ ನೋಡಿ ಹೇಳಿದಳು:

“ನಾಳೆ ಬೆಳಿಗ್ಗೆ ಸುರಗಿಗೆ ಬಂಗಾರಿನೇ ಕೂರ್ಲಿ. ಬಣ್ಣ ಇಳೀಲಿಲ್ಲ ಅಂದ್ರೆ ಧಾರೆಗೆ ಕಳಸ ಅವಳೇ ಹಿಡೀತಾಳೆ. ಇಳಿದ್ರೆ ಹೊನ್ನೂರಿ ಹಿಡೀತಾಳೆ. ನ್ಯಾಯ ಅಂದ್ರೆ ನ್ಯಾಯ.”

ಬೆಳಿಗ್ಗೆ ಬಂಗಾರಮ್ಮ ತಮ್ಮನ ಪಕ್ಕದಲ್ಲಿ ಹಲಗೆಯ ಮೇಲೆ ಕೂತಳು. ಮಲ್ಲೇಶಿಗೆ ಮೀಸೆ ಬಂದಿದ್ದರೂ ನೀರೆಂದರೆ ಈಗಲೂ ಕಣ್ಣು ಮುಚ್ಚಿಕೊಳ್ಳುವ ಹುಡುಗ. ಸಾವಂತ್ರಮ್ಮ ತಾನೇ ಕೊಡ ಎತ್ತಿಕೊಂಡು ಸುರಿದಳು. ಹೊನ್ನೂರಮ್ಮ ಬಗ್ಗಿ ಹಲಗೆಯ ಕೆಳಗಿನ ನೀರನ್ನೇ ನೋಡುತ್ತಿದ್ದಳು. ನೀರು ಹರಿಯಿತು, ಹಳದಿಯಾಗಿ. ಮದುಮಗನ ಮೈಗೆ ಹಿಂದಿನ ದಿನದಿಂದ ಬಳಿದಿದ್ದ ಅರಿಶಿನವೆಲ್ಲ ಇಳಿಯುತ್ತಿತ್ತು. ಅವನ ಪಂಚೆ ಹಳದಿ, ಹಲಗೆ ಹಳದಿ, ಬಗ್ಗಿ ನೋಡುತ್ತಿದ್ದ ಹೊನ್ನೂರಮ್ಮನ ಕಾಲಬೆರಳುಗಳೂ ಹಳದಿ. ಆ ಹಳದಿಯಲ್ಲಿ ಇನ್ನಾವ ಬಣ್ಣವಿತ್ತೋ ಇಲ್ಲವೋ ಹೇಳುವ ಕಣ್ಣು ಜಗಳೂರಿನಲ್ಲಿ ಇರಲಿಲ್ಲ.

“ಹಿಂಡಿದಾಗ ಗೊತ್ತಾಗ್ತದೆ,” ಎಂದಳು ಸಾವಂತ್ರಮ್ಮ.

ಧಾರೆ ಇಳಿಹೊತ್ತಿಗೆ. ಅಷ್ಟರೊಳಗೆ ಸೀರೆ ಒಣಗಬೇಕು, ಇನ್ನೊಂದು ಇದ್ದದ್ದು ಮಸಿಯ ಬಣ್ಣದ್ದು, ಮದುವೆಯ ಚಪ್ಪರಕ್ಕೆ ಅದು ನಡೆಯುವುದಿಲ್ಲ. ಬಂಗಾರಮ್ಮ ಮಸಿಯ ಸೀರೆ ಉಟ್ಟುಕೊಂಡು, ಒದ್ದೆಯದನ್ನು ಹಿತ್ತಿಲಿನ ಒಗೆಯುವ ಕಲ್ಲಿಗೆ ತಂದಳು. ನೀರು ಕುಡಿದ ಖಾದಿ ಎಳೆಗರುವಿನಷ್ಟು ಭಾರವಾಗಿತ್ತು, ಒಬ್ಬಳ ಕೈಲಿ ಹಿಂಡುವ ಮಾತಲ್ಲ. ಸಾವಂತ್ರಮ್ಮ ಇನ್ನೊಂದು ತುದಿ ಹಿಡಿದಳು. ಇಬ್ಬರೂ ಎದುರುಬದುರು ತಿರುಚಿದರು. ಮೊದಲು ಹಳದಿ ನೀರು ಬಂತು. ಸಾವಂತ್ರಮ್ಮ ಪಕ್ಕದ ಕೊಡದಿಂದ ಒಂದು ತಂಬಿಗೆ ತಿಳಿನೀರು ಮೇಲೆ ಹುಯ್ದು ಮತ್ತೆ ತಿರುಚಿದಳು. ಕಲ್ಲಿನ ಮೇಲೆ ಒಂದು ಸಣ್ಣ ಎಳೆ ಹರಿದು ಬಂತು.

ಅದು ಹಳದಿಯಲ್ಲ. ಹೆಂಚಿನ ಬಣ್ಣ.

ಹೆಚ್ಚೇನೂ ಅಲ್ಲ, ಒಂದು ಚಮಚದಷ್ಟು. ಆದರೆ ಬಿಳಿಯ ಕಲ್ಲಿನ ಮೇಲೆ ಚೆನ್ನಾಗಿಯೇ ಕಾಣುತ್ತಿತ್ತು. ಬಂಗಾರಮ್ಮ ತನ್ನ ತುದಿಯನ್ನು ಬಿಡಲಿಲ್ಲ.

ಸಾವಂತ್ರಮ್ಮ ಆ ಎಳೆಯನ್ನು ನೋಡಿದಳು, ನಾದಿನಿಯನ್ನು ನೋಡಿದಳು. ಬಳಿಕ ಬಹಳ ಮೆಲ್ಲಗೆ, ಯಾರ ಮೇಲೋ ದೂರು ಹೇಳುವವಳ ಹಾಗೆ ಹೇಳಿದಳು:

“ಹೊನ್ನೂರಿ ನಿನ್ನೆಯಿಂದ ಆ ಹಸಿರು ಸೀರೆ ಬೆಲೆ ಎಷ್ಟು ಸಲ ಹೇಳ್ಯಾಳೆ ಗೊತ್ತೇನು? ನನ್ನ ಸೀರೆ ಮುಟ್ಟಿ, ಅತ್ತಿಗೆ ಇದು ಹಳೇದಾ ಅಂತ ಕೇಳಿದಳು. ನನ್ನ. ಸೀರೆನ.”

“ಅತ್ತಿಗೆ, ನ್ಯಾಯ ಅಂದ್ರೆ ನ್ಯಾಯ ಅಂದಿದ್ರಿ.”

“ಅಂದಿದ್ದೆ. ಮಲ್ಲೇಶಿ ನಿನ್ನ ಸೊಂಟದ ಮ್ಯಾಲೆ ಬೆಳೆದಿದ್ದೂ ನ್ಯಾಯನೇ. ನೀನು ಮೊದಲು ಗಟ್ಟಿಯಾಗಿ ಹಿಡಕೋ.”

ಹಿತ್ತಿಲ ಬಾಗಿಲಿನಿಂದ ಬಳೆಯ ಸದ್ದು ಕೇಳಿಸಿತು. ಹೊನ್ನೂರಮ್ಮ ಸೆರಗು ಸರಿಪಡಿಸಿಕೊಳ್ಳುತ್ತ ಬರುತ್ತಿದ್ದಳು. ಸಾವಂತ್ರಮ್ಮ ಕಾಲಿನಿಂದಲೇ ಕೊಡವನ್ನು ಉರುಳಿಸಿದಳು. ನೀರು ಕಲ್ಲಿನ ಮೇಲೆಲ್ಲ ಹರಡಿ ಚರಂಡಿಗೆ ಇಳಿಯಿತು.

“ಏನಾಯ್ತು ಅತ್ತಿಗೆ, ಬಣ್ಣ ಇಳೀತಾ?”

“ಅರಿಶಿನ ಕಣೇ, ಬರೀ ಅರಿಶಿನ. ಬಂದಿದ್ದು ಒಳ್ಳೇದಾಯ್ತು, ಕೊಡ ಉರುಳಿತು ನೋಡು, ತುಂಬಿಸ್ಕೊಂಡು ಬಾ.”

ಹೊನ್ನೂರಮ್ಮ ಕಲ್ಲನ್ನೂ ಕೊಡವನ್ನೂ ನೋಡಿ, ಹಸಿರು ಸೀರೆಯನ್ನು ಎತ್ತಿ ಸಿಕ್ಕಿಸಿ, ಕೊಡವನ್ನು ಸೊಂಟಕ್ಕೇರಿಸಿಕೊಂಡು ಬಾವಿಯ ಕಡೆ ಹೋದಳು. ಅತ್ತಿಗೆ ನಾದಿನಿಯರು ಸೀರೆಯನ್ನು ಒಮ್ಮೆ ಜೋರಾಗಿ ಒದರಿದರು. ಬಯಲಿನಿಂದ ಬೀಸಿದ ಗಾಳಿ ಅದರೊಳಗೆ ತುಂಬಿಕೊಂಡು ಸಾವಂತ್ರಮ್ಮನನ್ನು ನಾಲ್ಕು ಹೆಜ್ಜೆ ಮುಂದಕ್ಕೆ ಎಳೆಯಿತು. ಅವಳು ಬೀಳದ ಹಾಗೆ ಬಂಗಾರಮ್ಮ ತನ್ನ ಕಡೆಯ ತುದಿಯನ್ನು ಬಿಗಿಯಾಗಿ ಜಗ್ಗಿ ಹಿಡಿದಳು.